ಉಸಿರಿಗೆ ಆಸರೆ, ಬಲಕ್ಕೆ ಸವೆತ



ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು. ಆದರೆ ಹೊರುವವನು ಎಷ್ಟು ಹೊರಬೇಕು, ಎಷ್ಟು ಕಾಲ ಹೊರಬೇಕು, ಭಾರವನ್ನು ಪೂರ್ತಿಯಾಗಿ ಇಳಿಸಿಕೊಟ್ಟವನ ಹೆಗಲಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ನೆರವು ಒಳ್ಳೆಯದು, ಹೆಚ್ಚು ನೆರವು ಇನ್ನೂ ಒಳ್ಳೆಯದು ಎಂದು ಭಾವಿಸಿ ಸುಮ್ಮನಾಗುತ್ತೇವೆ. ಈ ಭಾವನೆಯನ್ನು ಒರೆಗೆ ಹಚ್ಚುವ ಒಂದು ಸ್ಥಳವಿದೆ. ಅದು ಆಸ್ಪತ್ರೆಯ ತೀವ್ರ ನಿಗಾ ಘಟಕ. ಅಲ್ಲಿ ರೋಗಿಯ ಪರವಾಗಿ ಉಸಿರಾಡುವ ಯಂತ್ರವಾದ ವೆಂಟಿಲೇಟರ್ ಈ ಪ್ರಶ್ನೆಗಳನ್ನೇ ಪ್ರತಿದಿನವೂ ವೈದ್ಯರ ಮುಂದೆ, ರೋಗಿಯ ಮನೆಯವರ ಮುಂದೆ ಇಡುತ್ತದೆ.

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನಮ್ಮ ಹಳ್ಳಿಗಳಿಗೆ ಈ ಯಂತ್ರ ಅಪರಿಚಿತವೇನಲ್ಲ. ಇದು ಎರೆಭೂಮಿಯ ನಾಡು. ಹತ್ತಿ, ಜೋಳ, ಕಬ್ಬಿನ ನಾಡು. ಹತ್ತಿಗೆ ಔಷಧ ಹೊಡೆಯುವಾಗ ಕೀಟನಾಶಕವು ಮೈಗೆ ಸೇರಿದವರು, ಸಾಲದ ಸಂಕಟದಲ್ಲಿ ಅದನ್ನೇ ಕುಡಿದವರು, ರಾತ್ರಿ ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಚ್ಚಿದವರು, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿದವರು, ಕೊರೋನಾ ಕಾಲದಲ್ಲಿ ಶ್ವಾಸಕೋಶ ಸೋತವರು, ಇಂಥವರನ್ನು ಬೆಳಗಾವಿಗೋ ಧಾರವಾಡ-ಹುಬ್ಬಳ್ಳಿಗೋ ಒಯ್ದು ಈ ಯಂತ್ರಕ್ಕೆ ಜೋಡಿಸುವುದನ್ನು ನಾವು ಕಂಡಿದ್ದೇವೆ. ಆರ್ಗನೋಫಾಸ್ಫರಸ್ ಎಂಬ ವರ್ಗದ ಕೀಟನಾಶಕಗಳು ದೇಹಕ್ಕೆ ಸೇರಿದಾಗ, ಮೊದಲ ಅಪಾಯ ದಾಟಿದಂತೆ ಕಂಡ ಮೇಲೂ ಒಂದರಿಂದ ನಾಲ್ಕು ದಿನಗಳೊಳಗೆ ಕುತ್ತಿಗೆಯ ಮತ್ತು ಉಸಿರಾಟದ ಸ್ನಾಯುಗಳು ಬಲ ಕಳೆದುಕೊಳ್ಳಬಹುದೆಂದು ಶ್ರೀಲಂಕಾದ ವೈದ್ಯರು 1987ರಲ್ಲಿ ಮೊದಲ ಬಾರಿಗೆ ವಿವರವಾಗಿ ಬರೆದರು. ಕಟ್ಟುಹಾವಿನ ವಿಷವು ನರದ ತುದಿಗಳನ್ನೇ ಕೆಡಿಸುತ್ತದೆ. ಆ ತುದಿಗಳು ಮತ್ತೆ ಚಿಗುರುವವರೆಗೆ ಉಸಿರು ಯಂತ್ರದ ಕೈಯಲ್ಲಿರಬೇಕಾಗುತ್ತದೆ. ಇಂಥವರಲ್ಲಿ ಅನೇಕರು ಯಂತ್ರವಿಲ್ಲದಿದ್ದರೆ ಅಂದೇ ತೀರಿಹೋಗುತ್ತಿದ್ದರು. ಯಂತ್ರವಿದ್ದುದರಿಂದ ಕೆಲವು ದಿನಗಳ ಬಳಿಕ ಮನೆಗೆ ನಡೆದು ಬಂದರು. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಹೇಳಲಿರುವ ಸಂಗತಿ ಆ ಯಂತ್ರದ ನಿಂದೆಯಲ್ಲ.

ನಮ್ಮ ಎದೆಗೂ ಹೊಟ್ಟೆಗೂ ನಡುವೆ, ಬೋರಲು ಹಾಕಿದ ಬಟ್ಟಲಿನಂತೆ, ಒಂದು ತೆಳುವಾದ ಸ್ನಾಯುವಿನ ಹೊದಿಕೆಯಿದೆ. ಅದಕ್ಕೆ ವಪೆ ಎಂದು ಹೆಸರು. ಅದು ಕುಗ್ಗಿ ಕೆಳಗಿಳಿದಾಗ ಎದೆಯ ಗೂಡು ಹಿಗ್ಗಿ ಗಾಳಿ ಒಳಗೆ ಬರುತ್ತದೆ; ಸಡಿಲಗೊಂಡಾಗ ಗಾಳಿ ಹೊರಗೆ ಹೋಗುತ್ತದೆ. ನಿಮಿಷಕ್ಕೆ ಹದಿನಾಲ್ಕು ಬಾರಿ ಉಸಿರಾಡಿದರೂ ದಿನವೊಂದಕ್ಕೆ 20,000 ಬಾರಿಗೂ ಮಿಕ್ಕಿ ಈ ದುಡಿಮೆ ನಡೆಯುತ್ತದೆ. ಕೈಕಾಲುಗಳಿಗೆ ರಾತ್ರಿಯ ವಿಶ್ರಾಂತಿಯುಂಟು, ವಪೆಗೆ ಅದೂ ಇಲ್ಲ. ಹುಟ್ಟಿದ ಗಳಿಗೆಯ ಮೊದಲ ಅಳುವಿನಿಂದ ಕೊನೆಯ ಉಸಿರಿನವರೆಗೆ ಅದು ದುಡಿಯುತ್ತಲೇ ಇರುತ್ತದೆ.

ಸಹಜ ಉಸಿರಾಟದಲ್ಲಿ ದೇಹವು ಗಾಳಿಯನ್ನು ತಾನೇ ಒಳಗೆ ಸೆಳೆದುಕೊಳ್ಳುತ್ತದೆ. ವೆಂಟಿಲೇಟರ್ ಗಾಳಿಯನ್ನು ಹೊರಗಿನಿಂದ ಒಳಗೆ ತಳ್ಳುತ್ತದೆ. ಎರಡರಲ್ಲೂ ಶ್ವಾಸಕೋಶ ತುಂಬುತ್ತದೆ, ರಕ್ತಕ್ಕೆ ಪ್ರಾಣವಾಯು ಸಿಗುತ್ತದೆ, ಎದೆ ಏರಿಳಿಯುತ್ತದೆ. ಹೊರಗೆ ನಿಂತು ನೋಡುವ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಯಂತ್ರವೇ ಪೂರ್ಣ ಭಾರ ಹೊತ್ತಾಗ ಮತ್ತು ಮಂಪರಿನ ಔಷಧಗಳು ರೋಗಿಯ ಸ್ವಂತ ಪ್ರಯತ್ನವನ್ನು ಅಡಗಿಸಿದಾಗ, ವಪೆಗೆ ಕೆಲಸವಿಲ್ಲದಾಗುತ್ತದೆ. ಜೀವಮಾನದಲ್ಲಿ ಎಂದೂ ಬಿಡುವನ್ನು ಕಾಣದ ಆ ಸ್ನಾಯು ಬಿಡುವು ಸಿಕ್ಕೊಡನೆ ಸವೆಯತೊಡಗುತ್ತದೆ.

ಎಷ್ಟು ಬೇಗ? ಅಮೆರಿಕದ ವೈದ್ಯ ಸ್ಯಾನ್‌ಫರ್ಡ್ ಲೆವಿನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಉತ್ತರ ನೀಡಿತು. ಮಿದುಳು ನಿಷ್ಕ್ರಿಯಗೊಂಡು ಅಂಗದಾನ ಮಾಡಿದ 14 ಮಂದಿಯ ವಪೆಯ ತುಣುಕುಗಳನ್ನು ಅವರು ಪರೀಕ್ಷಿಸಿದರು. ಆ ದಾನಿಗಳು ಯಂತ್ರದ ಮೇಲಿದ್ದುದು 18ರಿಂದ 69 ಗಂಟೆಗಳು, ಅಂದರೆ ಮೂರು ದಿನಗಳಿಗೂ ಕಡಿಮೆ. ಕೇವಲ ಎರಡು-ಮೂರು ಗಂಟೆಗಳ ಶಸ್ತ್ರಚಿಕಿತ್ಸೆಗೆ ಒಳಗಾದವರ ವಪೆಯೊಂದಿಗೆ ಹೋಲಿಸಿದಾಗ, ಈ ದಾನಿಗಳ ವಪೆಯ ನಿಧಾನಗತಿಯ ಎಳೆಗಳ ಗಾತ್ರ ಶೇಕಡಾ 57ರಷ್ಟು, ವೇಗದ ಎಳೆಗಳ ಗಾತ್ರ ಶೇಕಡಾ 53ರಷ್ಟು ಕುಗ್ಗಿತ್ತು. ಇನ್ನೂ ಗಮನಿಸಬೇಕಾದುದೆಂದರೆ, ಎದೆಯ ಹೊರಭಾಗದ ಸ್ನಾಯುವಿನಲ್ಲಿ ಅಂಥ ಸವೆತ ಕಾಣಲಿಲ್ಲ. ಅದು ಆಗಾಗ ಸುಮ್ಮನಿದ್ದು ರೂಢಿಯಾದ ಸ್ನಾಯು. ಎಂದೂ ಸುಮ್ಮನಿರದ ವಪೆಯೇ ಬಿಡುವಿಗೆ ಬೇಗನೆ ಸೋತಿತು. ಮುಂಗಾರಿನ ಮೊದಲ ದಿನಗಳಲ್ಲಿ ಎತ್ತುಗಳನ್ನು ಹೂಡುವ ನಮ್ಮ ರೈತನಿಗೆ ಇದರ ಅರ್ಧ ತಿಳಿದೇ ಇದೆ. ಬೇಸಿಗೆಯಿಡೀ ಕೊಟ್ಟಿಗೆಯಲ್ಲಿ ನಿಂತ ಎತ್ತಿನಿಂದ ಮೊದಲ ದಿನವೇ ಹೊಲವೆಲ್ಲವನ್ನೂ ಗಳೆ ಹೊಡೆಸುವವನು ಜಾಣನಲ್ಲ.

ತೀವ್ರ ಸೋಂಕು, ಅಪೌಷ್ಟಿಕತೆ, ದೀರ್ಘಕಾಲದ ಹಾಸಿಗೆವಾಸ ಇವೂ ರೋಗಿಯ ಸ್ನಾಯುಗಳನ್ನು ಕುಗ್ಗಿಸುತ್ತವೆ. ಆದ್ದರಿಂದ ಎಲ್ಲ ದೌರ್ಬಲ್ಯವನ್ನೂ ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಮೂಲರೋಗ ವಾಸಿಯಾಗಿ, ವಿಷ ಇಳಿದು, ಶ್ವಾಸಕೋಶ ತಿಳಿಯಾದ ಮೇಲೆಯೂ ಕೆಲವರು ಯಂತ್ರವನ್ನು ಬಿಡಲಾಗದೆ ಉಳಿಯುವುದಕ್ಕೆ ಈ ಸವೆತವೂ ಒಂದು ಕಾರಣ. ಪ್ರಾಣ ಉಳಿಸಿದ ಆಸರೆಯೇ ತನ್ನನ್ನು ಬಿಟ್ಟು ಬದುಕುವ ಬಲವನ್ನೂ ಕಸಿದುಕೊಳ್ಳುವ ಈ ಸ್ಥಿತಿಯನ್ನು ನಾವು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಸುಲಭವಾದ ಉತ್ತರವೊಂದಿದೆ: ನೆರವು ಮನುಷ್ಯನನ್ನು ಕೆಡಿಸುತ್ತದೆ, ಆದ್ದರಿಂದ ನೆರವನ್ನು ಕಡಿಮೆ ಮಾಡಿ ಎಂಬುದು. ತೀವ್ರ ನಿಗಾ ಘಟಕದ ಅನುಭವ ಈ ಉತ್ತರವನ್ನು ಒಪ್ಪುವುದಿಲ್ಲ. ಕೆನಡಾದ ವೈದ್ಯ ಎವನ್ ಗೋಲಿಗರ್ ಮತ್ತು ಸಂಗಡಿಗರು ಯಂತ್ರದ ಮೇಲಿದ್ದ 107 ರೋಗಿಗಳ ವಪೆಯನ್ನು ಅಲ್ಟ್ರಾಸೌಂಡ್ ಮೂಲಕ ದಿನದಿನವೂ ಅಳೆದು 2015ರಲ್ಲಿ ವರದಿ ಮಾಡಿದರು. ಮೊದಲ ವಾರದಲ್ಲಿ 47 ಮಂದಿಯಲ್ಲಿ ವಪೆ ಶೇಕಡಾ 10ಕ್ಕಿಂತ ಹೆಚ್ಚು ತೆಳುವಾಗಿತ್ತು. ಆದರೆ 13 ಮಂದಿಯಲ್ಲಿ ಅದು ದಪ್ಪವಾಗಿತ್ತು, ಮತ್ತು ಅವರಲ್ಲಿ ವಪೆ ಹೆಚ್ಚು ಶ್ರಮಪಟ್ಟಿತ್ತು. ಅತಿ ಶ್ರಮಕ್ಕೆ ಸಿಕ್ಕಿದ ದುರ್ಬಲ ಸ್ನಾಯುವಿಗೂ ಗಾಯವಾಗುತ್ತದೆ. 2018ರಲ್ಲಿ ಅದೇ ತಂಡ ಕಂಡುಕೊಂಡ ಸಂಗತಿ ಇನ್ನೂ ಬೋಧಪ್ರದ. ಆರೋಗ್ಯವಂತನೊಬ್ಬ ಆರಾಮವಾಗಿ ಕುಳಿತಾಗ ಉಸಿರಾಟಕ್ಕೆ ಎಷ್ಟು ಶ್ರಮಪಡುತ್ತಾನೋ ಸುಮಾರಾಗಿ ಅಷ್ಟೇ ಶ್ರಮ ಯಾರ ಪಾಲಿಗೆ ಉಳಿದಿತ್ತೋ, ಅವರು ಉಳಿದವರಿಗಿಂತ ಬೇಗ ಯಂತ್ರದಿಂದ ಬಿಡುಗಡೆ ಹೊಂದಿದರು. ಪೂರ್ತಿ ಹೊತ್ತರೆ ಸವೆತ, ಹೊರದೆ ಬಿಟ್ಟರೆ ಗಾಯ. ಒಳ್ಳೆಯ ನೆರವಿನ ಅಳತೆ ಇವೆರಡರ ನಡುವೆ ಇದೆ, ಮತ್ತು ಆ ಅಳತೆ ರೋಗಿಯಿಂದ ರೋಗಿಗೆ, ದಿನದಿಂದ ದಿನಕ್ಕೆ ಬದಲಾಗುತ್ತದೆ.

ಆದ್ದರಿಂದ ನೆರವಿನ ನೀತಿಯನ್ನು ಹೀಗೆ ಹೇಳಬಹುದು: ನೆರವು ಪಡೆಯುವವನಿಗೆ ಅವನದೇ ಆದ ಒಂದು ಪಾಲಿನ ದುಡಿಮೆಯನ್ನು ಉಳಿಸಿಕೊಡುವುದೇ ಒಳ್ಳೆಯ ನೆರವು. ಆ ಪಾಲು ಎಷ್ಟೆಂಬುದನ್ನು ನಿರ್ಧರಿಸಬೇಕಾದುದು ಅವನ ಬಲ. ನಮ್ಮ ಅವಸರವೂ ಅಲ್ಲ, ನಮ್ಮ ಮಮತೆಯೂ ಅಲ್ಲ.

ಈ ಯಂತ್ರಚಿಕಿತ್ಸೆಯ ಹುಟ್ಟಿನಲ್ಲಿಯೇ ಈ ನೀತಿಯ ಹೊಳಹು ಇದೆ. 1952ರ ಬೇಸಿಗೆಯಲ್ಲಿ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿ, ಉಸಿರಾಟದ ಸ್ನಾಯುಗಳು ಸೋತವರು ಬ್ಲೆಗ್‌ದಾಮ್ ಆಸ್ಪತ್ರೆಗೆ ದಿನವೂ ಬಂದು ಸೇರತೊಡಗಿದರು. ಆಗಸ್ಟ್ 27ರಂದು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ 12 ವರ್ಷದ ಬಾಲಕಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿಸಿ ಕೊಳವೆ ಇರಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಸುಕುತ್ತ ಗಾಳಿ ತುಂಬಿದರು. ಆಕೆ ಬದುಕಿದಳು. ಮುಂದಿನ ತಿಂಗಳುಗಳಲ್ಲಿ ಸುಮಾರು 1,500 ವೈದ್ಯವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ರೋಗಿಗಳ ಪಕ್ಕದಲ್ಲಿ ಕುಳಿತು ಆ ಚೀಲಗಳನ್ನು ಹಿಸುಕಿದರು. ಹಾಗೆ ಹಿಸುಕುವ ಕೈಗೆ ಒಂದು ಅರಿವು ಇರುತ್ತದೆ. ರೋಗಿಯು ತಾನೇ ಉಸಿರೆಳೆಯಲು ಯತ್ನಿಸಿದರೆ ಅದು ಬೆರಳುಗಳಿಗೆ ತಿಳಿಯುತ್ತದೆ, ಕೈ ಆ ಯತ್ನಕ್ಕೆ ಎಡೆ ಮಾಡಿಕೊಡಬಲ್ಲದು. ಯಂತ್ರ ಬಂದ ಮೇಲೆ ಕೈಗೆ ಬಿಡುವು ದೊರೆಯಿತು, ಆ ಅರಿವು ಹಿಂದೆ ಸರಿಯಿತು. ಇಂದಿನ ಯಂತ್ರಗಳು ರೋಗಿಯ ಪ್ರಯತ್ನವನ್ನು ಗುರುತಿಸಿ ಅದಕ್ಕೆ ಹೆಗಲು ಕೊಡುವಂತೆ ರೂಪುಗೊಂಡಿವೆ. ಕಳೆದುಹೋದ ಆ ಬೆರಳುಗಳ ಅರಿವನ್ನೇ ವಿಜ್ಞಾನ ಮತ್ತೆ ಯಂತ್ರದೊಳಗೆ ಇರಿಸಲು ಶ್ರಮಿಸುತ್ತಿದೆ ಎನ್ನಬಹುದು.

ಯಂತ್ರವನ್ನು ಬಿಡಿಸುವ ಕ್ರಮಕ್ಕೆ ವೈದ್ಯರು 'ವೀನಿಂಗ್' ಎನ್ನುತ್ತಾರೆ. ಕೂಸಿಗೆ ಎದೆಹಾಲು ಬಿಡಿಸುವುದಕ್ಕೂ ಇಂಗ್ಲಿಷಿನಲ್ಲಿ ಅದೇ ಪದ. ಹಾಲು ಬಿಡಿಸುವ ತಾಯಿ ಕೂಸನ್ನು ತೊರೆಯುವುದಿಲ್ಲ. ಅದು ಅಳುವಾಗ ತಾನೂ ನೋಯುತ್ತಾಳೆ, ಆದರೂ ಅನ್ನದ ತುತ್ತನ್ನು ಅದರ ಬಾಯಿಗೆ ಇಡುತ್ತಾಳೆ. ಆಸ್ಪತ್ರೆಯಲ್ಲಿಯೂ ಹಾಗೆಯೇ. ರೋಗಿ ಸಿದ್ಧನಿದ್ದಾನೆಂದು ತೋರಿದ ದಿನ, ಯಂತ್ರದ ನೆರವನ್ನು ಬಹಳಮಟ್ಟಿಗೆ ತಗ್ಗಿಸಿ, ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಅವನೇ ಉಸಿರಾಡುವಂತೆ ಬಿಟ್ಟು, ಪಕ್ಕದಲ್ಲಿಯೇ ನಿಂತು ಗಮನಿಸುತ್ತಾರೆ. ಗೆದ್ದರೆ ಕೊಳವೆ ತೆಗೆಯುವ ಯೋಚನೆ. ಸೋತರೆ ಮತ್ತೆ ಆಸರೆ, ನಾಳೆ ಮತ್ತೆ ಯತ್ನ. ಸ್ಪೇನಿನ ಆಂದ್ರೆಸ್ ಎಸ್ತೆಬಾನ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದಂತೆ, ದಿನಕ್ಕೊಮ್ಮೆ ನಡೆಸುವ ಈ ಸರಳ ಪರೀಕ್ಷೆಯು ಯಂತ್ರದ ಉಸಿರುಗಳ ಸಂಖ್ಯೆಯನ್ನು ಹಂತಹಂತವಾಗಿ ಇಳಿಸುವ ಹಳೆಯ ಕ್ರಮಕ್ಕಿಂತ ಸುಮಾರು ಮೂರು ಪಟ್ಟು ಬೇಗ ರೋಗಿಗಳನ್ನು ಬಿಡುಗಡೆ ಮಾಡಿತು. ಷಿಕಾಗೋದಲ್ಲಿ ಜಾನ್ ಕ್ರೆಸ್ ಮತ್ತು ಸಂಗಡಿಗರು 128 ರೋಗಿಗಳಲ್ಲಿ ನಡೆಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಂಪರಿನ ಔಷಧವನ್ನು ದಿನಕ್ಕೊಮ್ಮೆ ನಿಲ್ಲಿಸಿ ರೋಗಿಯನ್ನು ಎಚ್ಚರಿಸಿದಾಗ, ಯಂತ್ರದ ಮೇಲಿನ ಮಧ್ಯಮ ಅವಧಿ 7.3 ದಿನಗಳಿಂದ 4.9 ದಿನಗಳಿಗೆ ಇಳಿಯಿತು. ದಿನಕ್ಕೊಮ್ಮೆ ಎಚ್ಚರಿಸುವುದು, ದಿನಕ್ಕೊಮ್ಮೆ ಕೇಳುವುದು: 'ಇಂದು ನಿನ್ನಿಂದ ಎಷ್ಟು ಸಾಧ್ಯ?' ದೊಡ್ಡ ಉಪಕರಣವಿಲ್ಲದ, ಗಮನವನ್ನು ಮಾತ್ರ ಬೇಡುವ ಉಪಾಯವಿದು.

ಇಲ್ಲಿ ಓದುಗರಾದ ತಮ್ಮ ಪಾತ್ರ ಬರುತ್ತದೆ. ತಮ್ಮ ಮನೆಯವರೊಬ್ಬರು ಆ ಹಾಸಿಗೆಯಲ್ಲಿರುವಾಗ, ಬಾಗಿಲ ಹೊರಗಿನ ಬೆಂಚಿನ ಮೇಲೆ ರಾತ್ರಿಗಳನ್ನು ಕಳೆದಿರುವವರು ತಾವು. 'ಇವತ್ತು ಸ್ವಲ್ಪ ಹೊತ್ತು ಯಂತ್ರವಿಲ್ಲದೆ ನೋಡುತ್ತೇವೆ' ಎಂದು ವೈದ್ಯರು ಹೇಳಿದಾಗ ಎದೆ ಧಸಕ್ಕೆನ್ನುತ್ತದೆ. 'ಪಾಪ, ಎಷ್ಟು ಬಳಲಿದ್ದಾರೆ, ಇನ್ನೆರಡು ದಿನ ಮಲಗಿರಲಿ' ಎಂದು ಬೇಡಿಕೊಳ್ಳುವಂತಾಗುತ್ತದೆ. ಈ ಬೇಡಿಕೆಯ ಹಿಂದಿರುವುದು ಪ್ರೀತಿಯೇ. ಆದರೆ ಆ ಎರಡು ದಿನಗಳ ವಿಶ್ರಾಂತಿಗೆ ವಪೆ ತೆರುವ ಬೆಲೆಯನ್ನು ಮೇಲೆ ಕಂಡೆವು. ವೈದ್ಯರು ಸಿದ್ಧತೆ ಇದೆಯೆಂದು ಅಳೆದು ಹೇಳಿದಾಗ, ಒಪ್ಪಿ ಕೈ ಹಿಡಿದು ನಿಲ್ಲುವುದು ಪ್ರೀತಿಯ ಕಠಿಣ ರೂಪ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಮೊದಲ ಯತ್ನದಲ್ಲಿ, ಎರಡನೆಯ ಯತ್ನದಲ್ಲಿ ರೋಗಿ ಸೋತಾಗ, 'ಮನಸ್ಸು ಮಾಡುತ್ತಿಲ್ಲ', 'ಧೈರ್ಯ ಸಾಲದು', 'ಯಂತ್ರಕ್ಕೆ ಒಗ್ಗಿಬಿಟ್ಟಿದ್ದಾನೆ' ಎಂದು ಮನೆಯವರು ಆಡುವುದುಂಟು. ವಿಷ ಕುಡಿದು ಬದುಕಿದವನ ವಿಷಯದಲ್ಲಂತೂ ಈ ಮಾತು ಇನ್ನೂ ಹರಿತವಾಗಿರುತ್ತದೆ. ಅರ್ಧಕ್ಕೆ ಸವೆದ ಸ್ನಾಯುವಿಗೆ ಇಚ್ಛಾಶಕ್ತಿಯ ಉಪದೇಶ ಮಾಡಿ ಪ್ರಯೋಜನವೇನು? ಈ ದೌರ್ಬಲ್ಯ ಅವನು ಆರಿಸಿಕೊಂಡದ್ದಲ್ಲ. ಅವನನ್ನು ಉಳಿಸಲು ನಾವು ತೆತ್ತ ಬೆಲೆಯ ಒಂದು ಭಾಗ. ಆ ಬೆಲೆಯನ್ನು ಅವನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಅವನಿಗೆ ಬೇಕಾದುದು ಆಹಾರ, ವ್ಯಾಯಾಮ, ಫಿಸಿಯೋಥೆರಪಿ ಮತ್ತು ಸೋತ ದಿನದ ಸಂಜೆಯೂ ಮುಖ ತಿರುಗಿಸದ ಬಂಧುಗಳು.

ಮೂರನೆಯದಾಗಿ, 'ವೆಂಟಿಲೇಟರಿಗೆ ಹಾಕಿದರೆ ಮುಗಿಯಿತು, ತಿರುಗಿ ಬರುವುದಿಲ್ಲ' ಎಂಬ ಮಾತು ಕೊರೋನಾ ಕಾಲದಿಂದೀಚೆಗೆ ನಮ್ಮ ಸಂತೆಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಈ ಲೇಖನವನ್ನು ಓದಿ ಯಾರಾದರೂ ಆ ಮಾತಿಗೆ ಇನ್ನೊಂದು ಆಧಾರ ಸಿಕ್ಕಿತೆಂದು ತಿಳಿದರೆ ಅದು ದುಃಖದ ಸಂಗತಿ. ಹಾವು ಕಚ್ಚಿದವನಿಗೆ, ಕೀಟನಾಶಕದ ವಿಷವೇರಿದವನಿಗೆ ಉಸಿರು ನಿಲ್ಲುತ್ತಿರುವಾಗ ಯಂತ್ರವನ್ನು ನಿರಾಕರಿಸುವುದು, ಸ್ನಾಯು ಸವೆದೀತೆಂದು ಪ್ರಾಣವನ್ನೇ ಬಿಟ್ಟುಕೊಟ್ಟಂತೆ. ಸವೆದ ಸ್ನಾಯು ಬಹುಪಾಲು ಮಂದಿಯಲ್ಲಿ ಮತ್ತೆ ಬಲಗೊಳ್ಳಬಲ್ಲದು. ನಿಂತ ಪ್ರಾಣ ಮರಳದು.

ಯಂತ್ರವನ್ನು ಬಿಡಿಸುವ ಯತ್ನ ಬೇರೆ, ಚಿಕಿತ್ಸೆಯನ್ನೇ ನಿಲ್ಲಿಸುವ ನಿರ್ಧಾರ ಬೇರೆ. ಇವೆರಡನ್ನೂ ಬೆರೆಸಿ ಅನೇಕ ಮನೆಗಳು ಕಳವಳಪಡುತ್ತವೆ. ಮೊದಲನೆಯದರಲ್ಲಿ ರೋಗಿ ಬದುಕಬಲ್ಲನೆಂಬ ಭರವಸೆಯಿಂದ ಭಾರವನ್ನು ಅವನಿಗೆ ಹಿಂದಿರುಗಿಸುತ್ತೇವೆ. ಎರಡನೆಯದರಲ್ಲಿ, ಚೇತರಿಕೆಯ ಆಸೆಯೇ ಇಲ್ಲದಿರುವಾಗ, ಸಾವನ್ನು ಎಳೆದಾಡುವ ಚಿಕಿತ್ಸೆಯಿಂದ ಹಿಂದೆ ಸರಿಯುತ್ತೇವೆ. ಎರಡನೆಯ ಪ್ರಶ್ನೆಯನ್ನು ಅರಿವಳಿಕೆ ತಜ್ಞರು ಹನ್ನೆರಡನೆಯ ಪಿಯುಸ್ ಜಗದ್ಗುರುಗಳ ಮುಂದಿಟ್ಟಾಗ, 1957ರ ನವೆಂಬರ್ 24ರಂದು ಅವರು ನೀಡಿದ ಉತ್ತರ ಇಂದಿಗೂ ನೆನೆಯತಕ್ಕದ್ದು. ಜೀವವನ್ನು ಕಾಪಾಡಲು ಸಾಮಾನ್ಯ ಸಾಧನಗಳನ್ನು ಬಳಸುವುದು ಕರ್ತವ್ಯ. ತನಗಾಗಲಿ ಇತರರಿಗಾಗಲಿ ಅತಿಯಾದ ಹೊರೆಯಾಗುವ ಅಸಾಮಾನ್ಯ ಸಾಧನಗಳಿಗೆ ಯಾರೂ ಕಟ್ಟುಬಿದ್ದಿಲ್ಲ ಎಂಬುದು ಅದರ ಸಾರ. ನಮ್ಮ ದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರ ತೀರ್ಪಿನಲ್ಲಿ ಇಂಥ ನಿರ್ಧಾರಕ್ಕೆ ಕ್ರಮವನ್ನು ವಿಧಿಸಿ, 2023ರ ಜನವರಿಯಲ್ಲಿ ಅದನ್ನು ಸರಳಗೊಳಿಸಿತು; ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದರ ಜಾರಿಗೆ ಸುತ್ತೋಲೆ ಹೊರಡಿಸಿತು. ಆದ್ದರಿಂದ ವೈದ್ಯರು 'ತೆಗೆಯುತ್ತೇವೆ' ಎಂದಾಗ, ಯಾವ ಅರ್ಥದಲ್ಲಿ ಎಂದು ಸಂಕೋಚವಿಲ್ಲದೆ ಕೇಳಿರಿ. ಅದು ಮನೆಯವರ ಹಕ್ಕು.

ಇನ್ನು ಕೆಲವರುಂಟು, ಎಂದೂ ಯಂತ್ರವನ್ನು ಬಿಡಲಾಗದವರು. ಕುತ್ತಿಗೆಯ ಬಳಿ ಬೆನ್ನುಹುರಿ ಕಡಿದವರು, ನರಗಳು ಕ್ರಮೇಣ ನಶಿಸುವ ಕಾಯಿಲೆಯವರು. ಅವರ ಪಾಲಿನ ದುಡಿಮೆ ಯಾವುದು? ಉಸಿರಾಟ ಯಂತ್ರದ್ದಾದರೂ, ಇಂದು ಯಾರನ್ನು ಕಾಣಬೇಕು, ಕಿಟಕಿ ತೆರೆಯಬೇಕೋ ಮುಚ್ಚಬೇಕೋ, ಮಗಳ ಮದುವೆಯ ಮಾತು ಯಾವಾಗ ಆಡಬೇಕು ಎಂಬ ನಿರ್ಧಾರಗಳು ಅವರವೇ. ಉಸಿರನ್ನು ನಾವು ಹೊತ್ತೆವೆಂದು ಅವರ ಮಾತನ್ನೂ ಹೊತ್ತರೆ, ಸ್ನಾಯುವಿಗಿಂತ ಬೆಲೆಯುಳ್ಳದ್ದು ಸವೆಯುತ್ತದೆ.

ಈ ಪಾಠ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವುದಿಲ್ಲ. ಪಾರ್ಶ್ವವಾಯುವಾದ ಅಜ್ಜನಿಗೆ ಚಮಚ ಹಿಡಿಯಲು ಕಾಲು ಗಂಟೆ ಬೇಕಾಗುತ್ತದೆಂದು ನಾವೇ ಉಣಿಸಿಬಿಡುತ್ತೇವೆ. ಹಿಂದುಳಿದ ಮಗುವಿನ ಲೆಕ್ಕವನ್ನು ನಾವೇ ಮಾಡಿಕೊಡುತ್ತೇವೆ. ನಮ್ಮ ಕೈ ವೇಗವಾಗಿ ಆಡುತ್ತದೆ, ಅವರ ಕೈ ಮರೆಯುತ್ತದೆ. ಆದರೆ ಇದೇ ಮಾತನ್ನು ಹಿಡಿದುಕೊಂಡು 'ಬಡವರಿಗೆ ಕೊಟ್ಟರೆ ಸೋಮಾರಿಗಳಾಗುತ್ತಾರೆ' ಎನ್ನುವವರಿಗೆ ತೀವ್ರ ನಿಗಾ ಘಟಕದಲ್ಲಿ ಉತ್ತರವಿದೆ. ಅಲ್ಲಿ ಯಾರೂ ಅಳೆಯದೆ ಯಂತ್ರ ಕಳಚುವುದಿಲ್ಲ. ಕಳಚಿದ ಮೇಲೆ ಬೆನ್ನು ತಿರುಗಿಸುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಸವದತ್ತಿ ಭಾಗದ ಊರುಗಳು ನೀರಿನಲ್ಲಿ ನಿಂತಾಗ, ಮೊದಲ ದಿನ ಬೇಕಾದದ್ದು ಬೇಯಿಸಿದ ಅನ್ನ, ಒಣಗಿದ ಬಟ್ಟೆ. ಆಗ ಸ್ವಾವಲಂಬನೆಯ ಉಪದೇಶ ಕ್ರೌರ್ಯ. ನೀರಿಳಿದ ಮೇಲೆ ಬೇಕಾದದ್ದು ಬೀಜ, ಗಳೆ, ಕೂಲಿ, ಮತ್ತೆ ಗೋಡೆ ಕಟ್ಟಿಕೊಳ್ಳುವ ಅವಕಾಶ. ಆಗಲೂ ಅನ್ನದ ಪೊಟ್ಟಣವನ್ನಷ್ಟೇ ಕೊಡುತ್ತಿದ್ದರೆ ಅದು ನಮ್ಮ ಸೋಮಾರಿತನ, ಅವರದ್ದಲ್ಲ.

ನೆರವಾಗುವವನಿಗೆ ಒಂದು ಗುಟ್ಟಾದ ಆಸೆಯಿರುತ್ತದೆ, ತಾನು ಸದಾ ಬೇಕಾದವನಾಗಿರಬೇಕೆಂಬುದು. ಅದನ್ನು ಪ್ರೀತಿಯಿಂದ ಬೇರ್ಪಡಿಸಿ ನೋಡುವುದು ಸುಲಭವಲ್ಲ. ಯಂತ್ರಕ್ಕೆ ಆ ಆಸೆಯಿಲ್ಲ. ವೈದ್ಯನು ಬೆಳಿಗ್ಗೆ ಬಂದು ಅದರ ಪಾಲನ್ನು ತಗ್ಗಿಸಿದಾಗ ಅದಕ್ಕೆ ನೋವಾಗುವುದಿಲ್ಲ. ನಮಗೆ ನೋವಾಗುತ್ತದೆ. ಆದ್ದರಿಂದಲೇ ಆ ಬೆಳಗಿನ ಪ್ರಶ್ನೆಯನ್ನು ನಾವು ನಮ್ಮ ಆರೈಕೆಯಲ್ಲಿರುವವರಿಗೆ ದಿನಕ್ಕೊಮ್ಮೆಯಾದರೂ ಕೇಳುವುದು ಅಗತ್ಯ: ಇಂದು ನಿನ್ನಿಂದ ಎಷ್ಟು ಸಾಧ್ಯ? ಉತ್ತರ 'ಏನೂ ಇಲ್ಲ' ಎಂದಾದರೆ ಎಲ್ಲವನ್ನೂ ಹೊರೋಣ. 'ಸ್ವಲ್ಪ' ಎಂದಾದರೆ ಆ ಸ್ವಲ್ಪವನ್ನು ಅವರಿಗೇ ಬಿಟ್ಟು, ಎಡವಿದರೆ ಹಿಡಿಯುವಷ್ಟು ಹತ್ತಿರದಲ್ಲಿ ನಿಲ್ಲೋಣ.